ಕವೆಗೋಲಿನೊಳಗಿನ ಎಣ್ಣೆ

ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಮೋಟಾರ್ ಸೈಕಲ್ ಇಲ್ಲದ ಮನೆ ಈಗ ಅಪರೂಪ. ತಳಿ, ಡೆಂಕಣಿಕೋಟೆ, ಕೆಲಮಂಗಲದ ಕಡೆಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಡೈರಿಗೆ ಹೋಗುವುದು ಇದರ ಮೇಲೆಯೇ. ಹೂವಿನ ಮೂಟೆ, ಟೊಮ್ಯಾಟೊ ಕ್ರೇಟು ಮಾರುಕಟ್ಟೆ ಸೇರುವುದೂ ಇದರ ಮೇಲೆಯೇ. ಮಕ್ಕಳು ಶಾಲೆಗೆ ಬರುವುದೂ ಹಾಗೆಯೇ, ಕೆಲವೊಮ್ಮೆ ಹಿಂದೆ ಇಬ್ಬರು, ಟ್ಯಾಂಕಿನ ಮೇಲೆ ಒಬ್ಬ. ಎಂಜಿನ್ ಆಯಿಲನ್ನು ತಪ್ಪದೆ ಬದಲಾಯಿಸುವ ಮನೆಗಳಲ್ಲಿ ಕೂಡ ಬಂಡಿಯ ಮುಂಭಾಗದಲ್ಲಿ ಇನ್ನೊಂದು ಎಣ್ಣೆ ಇದೆ, ಅದಕ್ಕೂ ವಯಸ್ಸಾಗುತ್ತದೆ ಎಂಬುದು ತಿಳಿದಿರುವುದಿಲ್ಲ. ಬ್ರೇಕು ಸರಿಯಾಗಿ ಹಿಡಿಯುವುದು ಅಥವಾ ಹಿಡಿಯದಿರುವುದು ಆ ಎಣ್ಣೆಯನ್ನೂ ಅವಲಂಬಿಸಿದೆ. ಆದ್ದರಿಂದ ಈ ಸಲದ ಸಂಚಿಕೆಗೆ ವ್ಯಾಕರಣವನ್ನು ಬದಿಗಿಟ್ಟು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಬಂಡಿಯ ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಜೋಡಿ ಕೊಳವೆಗಳಿಗೆ ಫೋರ್ಕ್ ಎಂದು ಹೆಸರು. ನಮ್ಮ ಮೆಕ್ಯಾನಿಕ್ಕುಗಳು ಅದನ್ನು 'ಮುಂದಿನ ಶಾಕ್' ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಕಟ್ಟುವ ಕಷ್ಟವೇ ಬೇಡ. ಮುಳ್ಳಿನ ಬೇಲಿ ಸರಿಸಲು ರೈತರು ಬಳಸುವ, ತುದಿಯಲ್ಲಿ ಎರಡಾಗಿ ಸೀಳಿದ ಕೋಲಿಗೆ ಕವೆಗೋಲು ಎನ್ನುತ್ತೇವಲ್ಲ, ಫೋರ್ಕ್ ಎಂದರೂ ಅದೇ. ತಮಿಳಿನಲ್ಲಿಯೂ ಕವಲೊಡೆದ ಕೊಂಬೆಗೆ 'ಕವೈ' ಎಂಬ ಮಾತಿದೆ. ಎರಡು ಭಾಷೆಯ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇಂತಹ ನಂಟುಗಳು ತಾನಾಗಿಯೇ ಕಾಣಿಸಬೇಕು. ಆದರೆ ಅಂಗಡಿಗೆ ಹೋಗಿ ಕವೆಗೋಲಿನ ಎಣ್ಣೆ ಕೊಡಿ ಎಂದರೆ ಯಾರೂ ಕೊಡಲಾರರು. ಅಲ್ಲಿ 'ಫೋರ್ಕ್ ಆಯಿಲ್' ಎಂದೇ ಕೇಳಬೇಕು.

ಈ ಕವೆಗೋಲಿನ ಪ್ರತಿಯೊಂದು ಕಾಲಿನಲ್ಲಿಯೂ ಎರಡು ಭಾಗಗಳಿವೆ. ಮೇಲಿನದು ಹೊಳೆಯುವ ಉಕ್ಕಿನ ಪೈಪು. ಕೆಳಗಿನದು ಅದಕ್ಕಿಂತ ದಪ್ಪನಾದ ಅಲ್ಯೂಮಿನಿಯಂ ಕೊಳವೆ. ಇದನ್ನು ಮೆಕ್ಯಾನಿಕ್ಕುಗಳು 'ಬಾಟಮ್' ಎನ್ನುತ್ತಾರೆ. ಪೈಪು ಬಾಟಮ್ಮಿನೊಳಗೆ ಸೈಕಲ್ ಪಂಪಿನ ಹಾಗೆ ಜಾರುತ್ತದೆ. ಒಳಗೆ ಉದ್ದವಾದ ಸ್ಪ್ರಿಂಗ್ ಇದೆ. ಅದರ ಜೊತೆಗೆ, ತೂತುಗಳಿರುವ ಒಂದು ಸಣ್ಣ ಕೊಳವೆಯೂ ಒಂದು ಲೋಟದಷ್ಟು ಎಣ್ಣೆಯೂ ಇವೆ. ಪೈಪು ಮತ್ತು ಬಾಟಮ್ ಕೂಡುವ ಬಾಯಿಯಲ್ಲಿ ರಬ್ಬರಿನ ಆಯಿಲ್ ಸೀಲ್, ಅದರ ಮೇಲೆ ಧೂಳು ತಡೆಯುವ ಇನ್ನೊಂದು ಸೀಲ್. ಇಷ್ಟೇ.

ಸ್ಪ್ರಿಂಗ್ ಇದ್ದ ಮೇಲೆ ಎಣ್ಣೆ ಏಕೆ ಬೇಕು ಎಂದು ನೀವು ಕೇಳಬಹುದು. ಸ್ಪ್ರಿಂಗಿನ ಗುಣವನ್ನು ನೆನೆಯಿರಿ. ಒತ್ತಿದರೆ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಬಿಟ್ಟರೆ ಅಷ್ಟನ್ನೂ ಹಿಂದಕ್ಕೆ ಕೊಡುತ್ತದೆ. ಗುಂಡಿಗೆ ಬಿದ್ದು ಒತ್ತಲ್ಪಟ್ಟ ಸ್ಪ್ರಿಂಗ್ ಬಂಡಿಯ ಮೂತಿಯನ್ನು ಮೇಲಕ್ಕೆ ಎಸೆಯುತ್ತದೆ, ಅದು ಕೆಳಗೆ ಬಂದಾಗ ಮತ್ತೆ ಎಸೆಯುತ್ತದೆ. ಚಿಕ್ಕ ಮಗುವಿನ ಜೋಲಿಯನ್ನು ಸ್ಪ್ರಿಂಗಿಗೆ ಕಟ್ಟಿ ಒಮ್ಮೆ ಎಳೆದು ಬಿಟ್ಟರೆ ಎಷ್ಟು ಹೊತ್ತು ಕುಣಿಯುತ್ತದೆ ನೋಡಿದ್ದೀರಲ್ಲ! ಆ ಕುಣಿತವನ್ನು ಅಡಗಿಸುವುದು ಎಣ್ಣೆಯ ಕೆಲಸ. ಕೊಳವೆ ಜಾರಿದಾಗಲೆಲ್ಲ ಎಣ್ಣೆ ಆ ಸಣ್ಣ ತೂತುಗಳ ಮೂಲಕ ನುಗ್ಗಿ ಹೋಗಬೇಕು. ಹಾಗೆ ನುಗ್ಗುವಾಗ ಸ್ಪ್ರಿಂಗಿನ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಶಾಖವಾಗಿ ಕಳೆದುಹೋಗುತ್ತದೆ. ತಯಾರಕರು ಇಲ್ಲಿ ಒಂದು ಜಾಣತನ ಮಾಡಿದ್ದಾರೆ: ಕೊಳವೆ ಒಳಕ್ಕೆ ಹೋಗುವಾಗ ಎಣ್ಣೆಗೆ ಸಿಗುವ ದಾರಿ ದೊಡ್ಡದು, ಹೊರಕ್ಕೆ ಬರುವಾಗ ಸಿಗುವ ದಾರಿ ಚಿಕ್ಕದು. ಆದ್ದರಿಂದ ಗುಂಡಿಗೆ ಚಕ್ರ ಬೇಗ ಮಣಿಯುತ್ತದೆ, ಆದರೆ ಸ್ಪ್ರಿಂಗ್ ನಿಧಾನವಾಗಿ ಹಿಂದಿರುಗುತ್ತದೆ.

ಈ ಏರ್ಪಾಡಿಗೆ ಬಹಳ ವಯಸ್ಸೇನೂ ಆಗಿಲ್ಲ. ಮೊದಲ ಕಾಲದ ಮೋಟಾರ್ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ ಬರೀ ಸ್ಪ್ರಿಂಗುಗಳು, ಉಜ್ಜುವ ಬಿಲ್ಲೆಗಳು ಇದ್ದವು. ಎಣ್ಣೆಯಿಂದ ಕುಣಿತ ಅಡಗಿಸುವ ಜಾರುಕೊಳವೆಯ ಫೋರ್ಕನ್ನು ಮಾರಾಟದ ಬಂಡಿಗೆ ಮೊದಲು ಜೋಡಿಸಿದ ಕೀರ್ತಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿಯದು; 1935ರ ಆರ್ 12 ಎಂಬ ಬಂಡಿಯಲ್ಲಿ ಅದು ಬಂದಿತು. ಎರಡನೆಯ ಮಹಾಯುದ್ಧದ ನಂತರ ಲೋಕದ ಹೆಚ್ಚಿನ ಕಂಪನಿಗಳು ಇದೇ ದಾರಿ ಹಿಡಿದವು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ಡಿ, ಮದ್ರಾಸಿನ ಎನ್‌ಫೀಲ್ಡ್ ಬುಲೆಟ್ ಎಲ್ಲಕ್ಕೂ ಎಣ್ಣೆ ತುಂಬಿದ ಕವೆಗೋಲುಗಳೇ. ಹೊಸೂರಿನ ಟಿ.ವಿ.ಎಸ್. ಕಾರ್ಖಾನೆ 1980ರಲ್ಲಿ ಇಬ್ಬರು ಕೂರುವ ಟಿ.ವಿ.ಎಸ್. 50 ಮೊಪೆಡ್ ತಂದಿತು. 1984ರಲ್ಲಿ ಜಪಾನಿನ ಸುಜುಕಿಯ ಸಹಯೋಗದಿಂದ 100 ಸಿಸಿಯ ಇಂಡ್-ಸುಜುಕಿ ಬಂದಿತು. ಮುಂದೆ 2013ರಲ್ಲಿ ಅದೇ ಬಿ.ಎಂ.ಡಬ್ಲ್ಯೂ. ಕಂಪನಿ ಟಿ.ವಿ.ಎಸ್. ಜೊತೆ ಒಪ್ಪಂದ ಮಾಡಿಕೊಂಡು, ತನ್ನ ಜಿ 310 ಆರ್ ಬಂಡಿಯನ್ನು ನಮ್ಮ ಹೊಸೂರಿನಲ್ಲಿಯೇ ಮಾಡಿಸಿ ದೇಶವಿದೇಶಗಳಿಗೆ ಕಳಿಸಿತು. ಅದರ ಕವೆಗೋಲು ತಲೆಕೆಳಗಾದದ್ದು: ದಪ್ಪ ಕೊಳವೆ ಮೇಲೆ, ಹೊಳೆಯುವ ಪೈಪು ಕೆಳಗೆ. 1935ರಲ್ಲಿ ಜರ್ಮನಿಯಲ್ಲಿ ಆರಂಭವಾದ ಕಥೆಯ ಒಂದು ಅಧ್ಯಾಯ ನಮ್ಮ ಊರಿನ ಕೈಗಳಲ್ಲಿ ನಡೆಯಿತೆಂಬುದನ್ನು ಮಕ್ಕಳು ತಿಳಿದಿರಲಿ.

ಈಗ ಎಣ್ಣೆ ಹಳತಾದರೆ ಏನಾಗುತ್ತದೆ ಎಂಬುದಕ್ಕೆ ಬರೋಣ. ಪೈಪು ಸಾವಿರಾರು ಸಲ ಜಾರುವಾಗ ಲೋಹ ಸವೆದು ನುಣ್ಣನೆಯ ಪುಡಿ ಎಣ್ಣೆಗೆ ಸೇರುತ್ತದೆ. ಮಳೆಗಾಲದಲ್ಲಿ ಸೀಲಿನ ಸಂದಿಯಿಂದ ನೀರಿನ ಪಸೆ ಒಳಗಿಳಿಯುತ್ತದೆ. ಎಣ್ಣೆ ತನ್ನ ಗಟ್ಟಿತನವನ್ನು ಕಳೆದುಕೊಂಡು ತೆಳ್ಳಗಾಗುತ್ತದೆ, ತೂತುಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಆಗ ಕುಣಿತ ಅಡಗುವುದಿಲ್ಲ. ಇದು ಬರೀ ಸೊಂಟ ನೋವಿನ ಮಾತಲ್ಲ. ಮುಂದಿನ ಬ್ರೇಕು ಹಿಡಿದಾಗ ಬಂಡಿಯ ಭಾರ ಮುಂದಿನ ಚಕ್ರಕ್ಕೆ ವಾಲುತ್ತದೆ, ಕವೆಗೋಲು ಕುಗ್ಗುತ್ತದೆ. ಎಣ್ಣೆ ಸತ್ತಿದ್ದರೆ ಮೂತಿ ಧಡಕ್ಕನೆ ಕುಸಿಯುತ್ತದೆ. ರಸ್ತೆ ಉಬ್ಬುತಗ್ಗಾಗಿದ್ದರೆ ಚಕ್ರ ನೆಲಕ್ಕೆ ಒತ್ತಿ ಕೂರದೆ ಚೆಂಡಿನಂತೆ ಪುಟಿಯುತ್ತದೆ. ಪುಟಿಯುವ ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ಬ್ರೇಕಿಗೆ ಅರ್ಥವೇ ಇಲ್ಲ. ಹೊಸೂರಿನಿಂದ ಶೂಳಗಿರಿ ದಾಟಿ ಕೃಷ್ಣಗಿರಿಗೆ ಹೋಗುವ ಹೆದ್ದಾರಿ ಸುಮಾರು 50 ಕಿಲೋಮೀಟರಿನಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಇಳಿಯುತ್ತದೆ. ಲಾರಿಗಳ ಹಿಂದೆ ಆ ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತ ಹೋಗುವ ತಂದೆತಾಯಿಗಳು ಇದನ್ನು ಗಮನವಿಟ್ಟು ಓದಬೇಕೆಂದು ನನ್ನ ವಿನಂತಿ.

ಸೀಲ್ ಹರಿದರೆ ಅಪಾಯ ಇನ್ನೊಂದು ಬಗೆಯದು. ಎಣ್ಣೆ ಪೈಪಿನಿಂದ ಸೋರಿ ಬಾಟಮ್ಮಿನ ಮೇಲೆ ಇಳಿದು, ಡಿಸ್ಕ್ ಬ್ರೇಕ್ ಇರುವ ಬಂಡಿಯಲ್ಲಿ ನೇರವಾಗಿ ಡಿಸ್ಕಿಗೂ ಪ್ಯಾಡಿಗೂ ತಗಲುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆದು ಮರಳುಕಾಗದ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಅದು ಉಳಿತಾಯವಲ್ಲ. ಆ ಪ್ಯಾಡನ್ನು ಎಸೆದು ಹೊಸದನ್ನೇ ಹಾಕಬೇಕು.

ಪರೀಕ್ಷೆ ಬಹಳ ಸುಲಭ, ಯಾವ ಸಲಕರಣೆಯೂ ಬೇಡ. ಬಂಡಿಯನ್ನು ಸಮನೆಲದಲ್ಲಿ ಸ್ಟ್ಯಾಂಡ್ ತೆಗೆದು ನಿಲ್ಲಿಸಿ, ಮುಂದಿನ ಬ್ರೇಕು ಹಿಡಿದು, ಹ್ಯಾಂಡಲನ್ನು ಮೈಭಾರ ಬಿಟ್ಟು ಒತ್ತಿ ಸಡಿಲಿಸಿ. ಮೂತಿ ಒಮ್ಮೆ ಮೇಲೆ ಬಂದು ನಿಂತರೆ ಎಣ್ಣೆ ಜೀವಂತವಾಗಿದೆ. ಎರಡು ಮೂರು ಸಲ ತೂಗಾಡಿದರೆ ಎಣ್ಣೆಯ ಕಾಲ ಮುಗಿದಿದೆ, ಇಲ್ಲವೇ ಎಣ್ಣೆಯೇ ಇಲ್ಲ. ಆಮೇಲೆ ಪೈಪಿನ ಸುತ್ತ ಬೆರಳಾಡಿಸಿ. ಒಣಧೂಳು ಅಂಟಿದರೆ ಸರಿ. ಜಿಡ್ಡಿನ ಉಂಗುರ ಕಂಡರೆ ಸೀಲ್ ಸೋರುತ್ತಿದೆ. ಈ ಎರಡು ಪರೀಕ್ಷೆಗಳನ್ನು ಎಂಟನೆಯ ತರಗತಿಯ ವಿದ್ಯಾರ್ಥಿಯೂ ತಂದೆಯವರ ಎದುರಿನಲ್ಲಿ ಮಾಡಿ ತೋರಿಸಬಹುದು. ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕೆಂಬುದು ಬಂಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿದೆ. ಎರಡು ವರ್ಷ ಅಥವಾ ಇಪ್ಪತ್ತು ಸಾವಿರ ಕಿಲೋಮೀಟರ್, ಇವುಗಳಲ್ಲಿ ಯಾವುದು ಮೊದಲೋ ಅದು ಎಂಬ ಲೆಕ್ಕ ಸಾಧಾರಣ ಬಂಡಿಗೆ ಒಪ್ಪುತ್ತದೆ. ಕಲ್ಲುರಸ್ತೆಯಲ್ಲಿ ಮೂಟೆ ಹೊರುವ ಬಂಡಿಗೆ ಇನ್ನೂ ಬೇಗ.

ಯಾವ ಎಣ್ಣೆ? ಡಬ್ಬಿಯ ಮೇಲೆ 5ಡಬ್ಲ್ಯೂ, 10ಡಬ್ಲ್ಯೂ, 15ಡಬ್ಲ್ಯೂ, 20ಡಬ್ಲ್ಯೂ ಎಂದು ಬರೆದಿರುತ್ತದೆ. ಅಂಕಿ ಹೆಚ್ಚಿದಷ್ಟೂ ಎಣ್ಣೆ ಮಂದ. ಸೀಮೆಎಣ್ಣೆಯನ್ನೂ ಹರಳೆಣ್ಣೆಯನ್ನೂ ಒಂದೇ ಲಾಳಿಕೆಯಲ್ಲಿ ಸುರಿದು ನೋಡಿದರೆ ಈ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಮಂದ ಎಣ್ಣೆ ಕುಣಿತವನ್ನು ಹೆಚ್ಚು ತಡೆಯುತ್ತದೆ. ಹಾಗೆಂದು ಮಂದವಾದಷ್ಟೂ ಒಳ್ಳೆಯದು ಎಂದು ತಿಳಿಯಬಾರದು. ತೂತಿನೊಳಗೆ ರಭಸದಿಂದ ನುಗ್ಗುವ ದ್ರವ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಚೂಪಾದ ಕಲ್ಲಿಗೆ ಚಕ್ರ ಬಡಿದಾಗ ಕೊಳವೆ ಬಹಳ ವೇಗವಾಗಿ ಜಾರಬೇಕು. ಎಣ್ಣೆ ಅತಿ ಮಂದವಾಗಿದ್ದರೆ ಅದು ದಾರಿ ಬಿಡುವುದಿಲ್ಲ, ಏಟೆಲ್ಲ ಅಂಗೈಗೆ ಬರುತ್ತದೆ. ಜೊತೆಗೆ, ಮಂದ ಎಣ್ಣೆ ಸ್ಪ್ರಿಂಗನ್ನು ಹಿಂದಿರುಗಲು ಬಿಡದೆ ಹಿಡಿದಿಟ್ಟುಕೊಳ್ಳುವುದರಿಂದ, ಸಾಲಾಗಿ ಗುಂಡಿಗಳು ಬಂದಾಗ ಕವೆಗೋಲು ಕುಗ್ಗುತ್ತ ಕುಗ್ಗುತ್ತ ತಳ ಮುಟ್ಟುತ್ತದೆ. ಚಳಿಗಾಲದ ಹೊಸೂರಿನ ಬೆಳಗಿನಲ್ಲಿ ಎಣ್ಣೆ ಇನ್ನಷ್ಟು ಗಟ್ಟಿಯಾಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎಂಜಿನ್ನಿಗೆ ತಂದು ಉಳಿದ 20ಡಬ್ಲ್ಯೂ-40 ಎಣ್ಣೆಯನ್ನೇ ಫೋರ್ಕಿಗೂ ಸುರಿಯುವ ಪದ್ಧತಿ ಕೆಲವೆಡೆ ಇದೆ. ಕೈಪಿಡಿ ಹಾಗೆ ಹೇಳದಿದ್ದರೆ ಒಪ್ಪಬೇಡಿ. ಇನ್ನೊಂದು ಮಾತು. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದು ಕಂಪನಿಯ 10ಡಬ್ಲ್ಯೂಗೆ ಸಮನಾಗಿರಲೇಬೇಕೆಂದಿಲ್ಲ. 40 ಡಿಗ್ರಿ ಉಷ್ಣತೆಯಲ್ಲಿ ಸ್ನಿಗ್ಧತೆ ಎಷ್ಟು ಸೆಂಟಿಸ್ಟೋಕ್ಸ್ ಎಂಬುದೇ ನಂಬಬೇಕಾದ ಅಂಕಿ. ಬೇರೆ ಬೇರೆ ಕಂಪನಿಯ ಎಣ್ಣೆಗಳನ್ನು ಬೆರೆಸದಿರುವುದೇ ಕ್ಷೇಮ.

ಎಣ್ಣೆಯ ಬಗೆಗಿಂತ ಅದರ ಅಳತೆ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಇಲ್ಲಿ ವಿಜ್ಞಾನದ ತರಗತಿಯ ಬಾಯ್ಲನ ನಿಯಮ ನೆನಪಿಗೆ ಬರಬೇಕು. ಕವೆಗೋಲಿನ ಕಾಲಿನಲ್ಲಿ ಎಣ್ಣೆಯ ಮೇಲ್ಮಟ್ಟದಿಂದ ಮುಚ್ಚಳದವರೆಗೆ ಗಾಳಿ ತುಂಬಿದೆ. ಈ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಕಾಲು ಕುಗ್ಗಿದಾಗ ಗಾಳಿಯೂ ಕುಗ್ಗುತ್ತದೆ, ಅದೂ ಒಂದು ಸ್ಪ್ರಿಂಗಿನಂತೆ ಒತ್ತುತ್ತದೆ. ತಿಳಿಯಲು ಸುಲಭವಾಗಲೆಂದು ಎರಡೂವರೆ ಸೆಂಟಿಮೀಟರ್ ಒಳವ್ಯಾಸದ, ಬಾಯಿ ಮುಚ್ಚಿದ ಒಂದು ಸಿರಿಂಜನ್ನು ಕಲ್ಪಿಸಿಕೊಳ್ಳಿ. ಗಾಳಿಯ ಎತ್ತರ 15 ಸೆಂ.ಮೀ. ಇರಲಿ. 10 ಸೆಂ.ಮೀ. ಒತ್ತಿದರೆ ಉಳಿಯುವುದು 5 ಸೆಂ.ಮೀ.; ಒತ್ತಡ ಮೂರರಷ್ಟಾಗುತ್ತದೆ. ಈಗ 10 ಮಿಲಿಲೀಟರ್ ಎಣ್ಣೆಯನ್ನು ಹೆಚ್ಚಾಗಿ ಸುರಿಯಿರಿ. ಕೊಳವೆಯ ಅಡ್ಡವಿಸ್ತೀರ್ಣ ಸುಮಾರು 4.9 ಚದರ ಸೆಂ.ಮೀ. ಆದ್ದರಿಂದ ಎಣ್ಣೆ 2 ಸೆಂ.ಮೀ. ಏರುತ್ತದೆ, ಗಾಳಿಗೆ ಉಳಿದದ್ದು 13. ಅದೇ 10 ಸೆಂ.ಮೀ. ಒತ್ತಿದರೆ 3 ಉಳಿಯುತ್ತದೆ, ಒತ್ತಡ ನಾಲ್ಕೂಕಾಲರಷ್ಟನ್ನು ಮೀರುತ್ತದೆ. 20 ಮಿಲಿಲೀಟರ್ ಹೆಚ್ಚಾಗಿದ್ದರೆ? 11ರಲ್ಲಿ 10 ಹೋಗಿ 1 ಉಳಿಯುತ್ತದೆ, ಒತ್ತಡ ಹನ್ನೊಂದರಷ್ಟು! ನಾಲ್ಕು ಚಮಚದ ಔಷಧಿಯಷ್ಟು ಎಣ್ಣೆ ಮಾಡುವ ಕೆಲಸ ಇದು. ನಿಜವಾದ ಫೋರ್ಕಿನ ಲೆಕ್ಕ ಇಷ್ಟು ಸರಳವಲ್ಲ, ಗಾಳಿ ಬಿಸಿಯಾಗುವುದನ್ನೂ ನಾವು ಬಿಟ್ಟಿದ್ದೇವೆ. ಆದರೆ ಸಾಗುವ ದಿಕ್ಕು ಇದೇ. ಮುಂಭಾಗ ಮೆತ್ತಗಾಯಿತೆಂದು ಕಣ್ಣಳತೆಯಲ್ಲಿ ಎಣ್ಣೆ ಸುರಿದವರ ಬಂಡಿಯಲ್ಲಿ ಸೀಲುಗಳು ಪದೇ ಪದೇ ಹರಿಯುವುದು ಈ ಕಾರಣದಿಂದಲೇ.

ಇನ್ನು ಕೆಲಸದ ಕ್ರಮ. ವಿದ್ಯಾರ್ಥಿಗಳು ಇದನ್ನು ಒಬ್ಬರೇ ಮಾಡತಕ್ಕದ್ದಲ್ಲ; ಬಲ್ಲವರ ಪಕ್ಕದಲ್ಲಿ ಕುಳಿತು, ಸ್ಪ್ಯಾನರ್ ಎತ್ತಿಕೊಡುತ್ತ ಕಲಿಯಬೇಕು. ಹಳೆಯ ಬುಲೆಟ್ಟು, ಯೆಜ್ಡಿಗಳಂತಹ ಬಂಡಿಗಳಲ್ಲಿ ಬಾಟಮ್ಮಿನ ಕೆಳತುದಿಯಲ್ಲಿ ಎಣ್ಣೆ ಬಸಿಯಲು ಸಣ್ಣ ತಿರುಪು ಇರುತ್ತಿತ್ತು. ಈಗಿನ ಹೆಚ್ಚಿನ ಬಂಡಿಗಳಲ್ಲಿ ಅದಿಲ್ಲ, ಕಾಲನ್ನೇ ಕಳಚಬೇಕು. ಮೊದಲು ಬಂಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ನಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಬೇಕು. ಬಂಡಿ ಅಲುಗಾಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಮಗುಚಿ ಬಿದ್ದರೆ ಕೈಕಾಲು ಉಳಿಯುವುದಿಲ್ಲ.

ಚಕ್ರ ಬಿಚ್ಚುವ ಮೊದಲೇ ಪೈಪಿನ ತಲೆಯ ಮುಚ್ಚಳದ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿಡಬೇಕು, ಏಕೆಂದರೆ ಕಾಲು ಕಳಚಿದ ಮೇಲೆ ಅದನ್ನು ಹಿಡಿದುಕೊಳ್ಳಲು ಆಧಾರವಿರುವುದಿಲ್ಲ. ಪೈಪನ್ನು ಮೇಲ್ಗಡೆ ಬಿಗಿದಿರುವ ಪಟ್ಟಿಯ ಬೋಲ್ಟನ್ನು ಅದಕ್ಕೂ ಮುಂಚೆ ಸಡಿಲಿಸಿದರೆ ಮುಚ್ಚಳದ ಮರೆ ಕೆಡುವುದಿಲ್ಲ. ಆಮೇಲೆ ಚಕ್ರ, ಬ್ರೇಕಿನ ಭಾಗ, ಮಡ್‌ಗಾರ್ಡ್ ತೆಗೆಯಬೇಕು. ಡಿಸ್ಕ್ ಬ್ರೇಕಿನ ಕ್ಯಾಲಿಪರನ್ನು ಅದರ ಹೋಸಿನಿಂದ ಜೋತುಬಿಡಬಾರದು, ದಾರದಿಂದ ಕಟ್ಟಿಡಬೇಕು. ಚಕ್ರ ಹೊರಗಿರುವಾಗ ಬ್ರೇಕಿನ ಹಿಡಿಯನ್ನು ಯಾರೂ ಒತ್ತಬಾರದು. ಪಟ್ಟಿಗಳ ಬೋಲ್ಟುಗಳನ್ನು ಪೂರ್ತಿ ಸಡಿಲಿಸಿ, ಕಾಲನ್ನು ಅತ್ತಿತ್ತ ತಿರುವುತ್ತ ಕೆಳಕ್ಕೆಳೆದರೆ ಕೈಗೆ ಬರುತ್ತದೆ.

ಮುಚ್ಚಳ ತೆಗೆಯುವ ಗಳಿಗೆ ಎಚ್ಚರದ್ದು. ಒಳಗಿನ ಸ್ಪ್ರಿಂಗ್ ಮುಚ್ಚಳವನ್ನು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ. ಕೊನೆಯ ಮರೆ ಬಿಟ್ಟೊಡನೆ ಅದು ಹಾರಬಲ್ಲದು. ಮುಖವನ್ನು ದೂರವಿಟ್ಟು, ಬಟ್ಟೆ ಹೊದಿಸಿ, ಅಂಗೈಯಿಂದ ಒತ್ತಿ ಹಿಡಿದು ತಿರುಗಿಸಬೇಕು. ಸ್ಪ್ರಿಂಗಿನ ಯಾವ ತುದಿ ಮೇಲಿತ್ತೆಂದು ಗುರುತಿಟ್ಟುಕೊಳ್ಳಿ. ಕೆಲವು ಸ್ಪ್ರಿಂಗುಗಳಲ್ಲಿ ಒಂದು ತುದಿಯ ಸುರುಳಿಗಳು ಹತ್ತಿರ ಹತ್ತಿರ ಇರುತ್ತವೆ. ನಂತರ ಕಾಲನ್ನು ತಲೆಕೆಳಗು ಮಾಡಿ ಹಳೆಯ ಎಣ್ಣೆಯನ್ನು ಪಾತ್ರೆಗೆ ಸುರಿದು, ಹತ್ತಾರು ಸಲ ಪಂಪಿನಂತೆ ಆಡಿಸಿ, ಸ್ವಲ್ಪ ಹೊತ್ತು ಹಾಗೆಯೇ ಬೋರಲು ನಿಲ್ಲಿಸಬೇಕು.

ಆ ಹಳೆಯ ಎಣ್ಣೆಯನ್ನು ನೋಡದೆ ಚೆಲ್ಲಬೇಡಿ. ವೈದ್ಯರಿಗೆ ನಾಡಿ ಹೇಗೋ ಇದೂ ಹಾಗೆ. ಬೂದು ಬಣ್ಣಕ್ಕೆ ತಿರುಗಿದ್ದರೆ ಸಹಜ ಸವೆತ. ಬಿಸಿಲಿಗೆ ಹಿಡಿದಾಗ ಮಿಣಮಿಣ ಹೊಳೆಯುವ ಚೂರುಗಳಿದ್ದರೆ ಒಳಗಿನ ಲೋಹ ಹೆಚ್ಚಾಗಿ ಸವೆಯುತ್ತಿದೆ. ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಧೂಳಿನ ಸೀಲನ್ನೂ ನೋಡಬೇಕು. ಎರಡು ಕಾಲುಗಳಿಂದ ಬಂದ ಎಣ್ಣೆಯನ್ನು ಬೇರೆ ಬೇರೆ ಅಳೆದರೆ ಯಾವ ಕಡೆ ಸೋರಿದೆ ಎಂಬುದೂ ತಿಳಿಯುತ್ತದೆ. ಪೈಪಿನ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ. ಆ ಚುಕ್ಕೆಗಳು ಅರದಂತೆ ರಬ್ಬರನ್ನು ಕೊಯ್ದುಬಿಡುತ್ತವೆ.

ಹೊಸ ಎಣ್ಣೆಯನ್ನು ಕೈಪಿಡಿ ಹೇಳಿದಷ್ಟೇ, ಅಳತೆಯ ಜಾಡಿಯಲ್ಲಿ ಅಳೆದು ಹಾಕಬೇಕು. 100 ಸಿಸಿ ಬಂಡಿಗಳಲ್ಲಿ ಒಂದು ಕಾಲಿಗೆ ನೂರೈವತ್ತರಿಂದ ಇನ್ನೂರು ಮಿಲಿಲೀಟರಿನ ಆಸುಪಾಸು ಇರುತ್ತದೆ, ಆದರೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿರುವಂತಹ ಗಾಜಿನ ಅಳತೆಗೊಳವೆ ಸಿಗದಿದ್ದರೆ ಮಕ್ಕಳ ಔಷಧಿಯ ಮುಚ್ಚಳವೋ ದೊಡ್ಡ ಸಿರಿಂಜೋ ಸಾಕು. ಸುರಿದ ಮೇಲೆ ಕಾಲನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಹೊರಡಿಸಿ, ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಬೇಕು. ಆಮೇಲೆ ಸ್ಪ್ರಿಂಗ್ ಇಲ್ಲದೆಯೇ ಪೈಪನ್ನು ಪೂರ್ತಿ ಕೆಳಕ್ಕೆ ಒತ್ತಿ, ಪೈಪಿನ ಬಾಯಿಯಿಂದ ಎಣ್ಣೆಯ ಮಟ್ಟಕ್ಕೆ ಎಷ್ಟು ಮಿಲಿಮೀಟರ್ ಎಂದು ಉಕ್ಕಿನ ಸ್ಕೇಲಿನಿಂದ ಅಳೆಯಬೇಕು. ಹಳೆಯ ಎಣ್ಣೆ ಸ್ವಲ್ಪ ಒಳಗೇ ಉಳಿದಿರುವ ಸಾಧ್ಯತೆ ಇರುವುದರಿಂದ ಕೊನೆಯ ತೀರ್ಪು ಈ ಎತ್ತರದ್ದೇ. ಎರಡು ಕಾಲುಗಳಲ್ಲಿಯೂ ಒಂದೇ ಅಳತೆ ಬರಬೇಕು. ಸೋರಿದ ಕಾಲಿಗೆ ಮಾತ್ರ ಹೊಸ ಎಣ್ಣೆ ಹಾಕುವುದು ಅರೆಕೆಲಸ. ಒಂದು ಹೊಸದು, ಒಂದು ಹಳತಾದರೆ ಎರಡೂ ಒಂದೇ ಹದದಲ್ಲಿ ದುಡಿಯುವುದಿಲ್ಲ.

ಹೊಂದಿಸುವುದೆಂದರೆ ಇಲ್ಲಿಯೇ. ಕಂಪನಿ ಹೇಳಿದ ಅಳತೆಯಿಂದ ಆರಂಭಿಸಿ, ಬಂಡಿ ಓಡಿಸಿ ನೋಡಿ. ಬ್ರೇಕು ಹಿಡಿದಾಗ ಮುಂಭಾಗ ತಳಕ್ಕೆ ಬಡಿಯುತ್ತಿದ್ದರೆ ಎಣ್ಣೆಯ ಮಟ್ಟವನ್ನು 5 ಮಿಲಿಮೀಟರ್ ಮಾತ್ರ ಏರಿಸಿ ಮತ್ತೆ ನೋಡಬೇಕು. ತಳಕ್ಕೆ ಬಡಿಯದೆ ಬರೀ ತೂಗಾಡುತ್ತಿದ್ದರೆ ಮಟ್ಟವನ್ನು ಮುಟ್ಟದೆ, ಒಂದು ಮೆಟ್ಟಿಲು ಮಂದವಾದ ಎಣ್ಣೆ ಹಾಕಬಹುದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ವಿಜ್ಞಾನದ ಮೇಷ್ಟರು ಹೇಳುವುದು ಇಲ್ಲಿಗೂ ಸಲ್ಲುತ್ತದೆ. ಹಾಲಿನ ಕ್ಯಾನು ಹೊರುವವರು ಇನ್ನೊಂದನ್ನು ಗಮನಿಸಬೇಕು. ಹಿಂದಿನ ಚಕ್ರದ ಅಚ್ಚಿಗಿಂತಲೂ ಹಿಂದಕ್ಕೆ ಕಟ್ಟಿದ ಭಾರ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ಹ್ಯಾಂಡಲ್ ತೇಲಿದಂತಾಗುವುದಕ್ಕೆ ಫೋರ್ಕ್ ಎಣ್ಣೆ ಮದ್ದಲ್ಲ. ಭಾರವನ್ನು ಮುಂದಕ್ಕೆ ಸರಿಸಿ ಕಟ್ಟುವುದು, ಹಿಂದಿನ ಶಾಕಿನ ಸ್ಪ್ರಿಂಗಿನ ಮೆಟ್ಟಿಲನ್ನು ಏರಿಸುವುದು, ಇವೇ ಅದಕ್ಕೆ ಉಪಾಯ.

ಮರುಜೋಡಣೆಯಲ್ಲಿ ವಿಶೇಷವೇನಿಲ್ಲ, ಕಳಚಿದ ಕ್ರಮವನ್ನು ಹಿಂದುಮುಂದಾಗಿ ನಡೆಸಬೇಕು. ಎರಡೂ ಪೈಪುಗಳ ತಲೆ ಪಟ್ಟಿಯಿಂದ ಒಂದೇ ಎತ್ತರಕ್ಕೆ ಬಂದಿದೆಯೇ ನೋಡಿ. ಆಕ್ಸಲನ್ನು ಕೊನೆಯದಾಗಿ ಬಿಗಿಯುವ ಮೊದಲು ಬಂಡಿಯನ್ನು ನೆಲಕ್ಕಿಳಿಸಿ ನಾಲ್ಕಾರು ಸಲ ಮೂತಿಯನ್ನು ಒತ್ತಿದರೆ ಕಾಲುಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ. ಹೊರಡುವ ಮುನ್ನ ಮುಂದಿನ ಬ್ರೇಕಿನ ಹಿಡಿಯನ್ನು ಗಟ್ಟಿಯಾಗುವವರೆಗೆ ಒತ್ತಿ ನೋಡುವುದನ್ನು ಮರೆಯಬಾರದು. ಬಸಿದ ಹಳೆಯ ಎಣ್ಣೆಯನ್ನು ಚರಂಡಿಗೋ ತೋಟದ ಬದುವಿಗೋ ಸುರಿಯದೆ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ಕೊಂಡುಕೊಳ್ಳುವ ವರ್ಕ್‌ಶಾಪಿಗೆ ಕೊಡಿ. ಒಂದು ವಾರ ಓಡಿಸಿದ ಮೇಲೆ ಬಿಳಿಯ ಬಟ್ಟೆಯಿಂದ ಎರಡೂ ಪೈಪುಗಳನ್ನು ಸೀಲಿನ ಹತ್ತಿರ ಒರೆಸಿ ನೋಡಿ. ಮೊದಲ ಒಂದೆರಡು ದಿನ ಜೋಡಣೆಯ ವೇಳೆ ಅಂಟಿದ ಜಿಡ್ಡು ಬರಬಹುದು. ಅದಾದ ಮೇಲೂ ಉಂಗುರ ಮೂಡುತ್ತಿದ್ದರೆ ಸೀಲನ್ನು ಬದಲಾಯಿಸಲೇಬೇಕು.